ಕರೆ ಹೋಗುತ್ತದೆ, ಬರುವುದಿಲ್ಲ: ಫೋನ್ ರಿಸೆಟ್‌ಗೆ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಫೋನಿನಿಂದ ಕರೆ ಸಲೀಸಾಗಿ ಹೋಗುತ್ತದೆ, ಆದರೆ ಯಾರ ಕರೆಯೂ ಬರುವುದಿಲ್ಲ ಎಂದು ಹೇಳಿಕೊಂಡವರಿಗೆ ಸಿಗುವ ಸಲಹೆ ಬಹುತೇಕ ಒಂದೇ: 'ಫ್ಯಾಕ್ಟರಿ ರಿಸೆಟ್ ಮಾಡಿ ನೋಡಿ'. ಫೋಟೊ, ಚಾಟ್, ಲಾಗಿನ್‌ಗಳೆಲ್ಲ ಅಳಿಸಿಹೋದ ಮೇಲೂ ಕರೆ ಬರದಿದ್ದರೆ 'ಹೊಸ ಫೋನ್ ತಗೊಳ್ಳಿ' ಎನ್ನುವುದು ಮುಂದಿನ ಸಲಹೆ. ಒಳಬರುವ ಕರೆಯನ್ನು ತಡೆಯುವ ಎಷ್ಟೋ ಸೆಟ್ಟಿಂಗ್‌ಗಳು ಫೋನಿನೊಳಗೆ ಇರುವುದೇ ಇಲ್ಲ. ಕಾಲ್ ಫಾರ್ವರ್ಡಿಂಗ್ (ಕರೆಯನ್ನು ಬೇರೆ ನಂಬರಿಗೆ ತಿರುಗಿಸುವುದು), ಕಾಲ್ ಬ್ಯಾರಿಂಗ್ (ಕರೆಯನ್ನೇ ತಡೆಯುವುದು) ಇವೆಲ್ಲ ಸೇವಾ ಕಂಪನಿಯ ಸರ್ವರಿನಲ್ಲಿ ನಿಮ್ಮ ನಂಬರಿನ ಖಾತೆಯಲ್ಲಿ ದಾಖಲಾಗಿರುತ್ತವೆ. ಫೋನ್ ಅಳಿಸಿದರೂ ಅವು ಅಳಿಸುವುದಿಲ್ಲ. ಅದೇ ಸಿಮ್ಮನ್ನು ಹೊಸ ಫೋನಿಗೆ ಹಾಕಿದರೆ ತೊಂದರೆಯೂ ಜೊತೆಗೇ ಬರುತ್ತದೆ. ಹಾಗಾಗಿ ರಿಸೆಟ್‌ಗೆ ಕೈಹಾಕುವ ಮೊದಲು ನೋಡಬೇಕಾದ ಸಂಗತಿಗಳನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ಮೊದಲು ವಿಚಾರಿಸಬೇಕಾದದ್ದು ಕರೆ ಮಾಡಿದವರನ್ನು. ಅವರ ಕಿವಿಗೆ ಏನು ಕೇಳಿಸಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ರಿಂಗ್ ಪೂರ್ತಿ ಹೋಗಿ ಯಾರೂ ಎತ್ತಲಿಲ್ಲ ಎಂದರೆ ನೆಟ್‌ವರ್ಕು ಸಾಮಾನ್ಯವಾಗಿ ಫೋನನ್ನು ಹುಡುಕಿ ತಲುಪಿದೆ, ತೊಂದರೆ ಫೋನಿನ ಸದ್ದಿನಲ್ಲೋ ಪರದೆಯಲ್ಲೋ ಇದೆ. 'ಸ್ವಿಚ್ ಆಫ್ ಆಗಿದೆ', 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಧ್ವನಿ ಬಂದರೆ ನೆಟ್‌ವರ್ಕಿಗೆ ಫೋನ್ ಸಿಕ್ಕಿಲ್ಲ. ಯಾವ ಹೊತ್ತಿನಲ್ಲಿ ಮಾಡಿದರೂ ಬ್ಯುಸಿ ಎಂದರೆ ಕಾಲ್ ವೇಟಿಂಗ್, ಬ್ಲಾಕ್ ಪಟ್ಟಿ ಅಥವಾ ಫಾರ್ವರ್ಡಿಂಗ್ ಮೇಲೆ ಅನುಮಾನ ಪಡಬೇಕು. ಒಂದೇ ರಿಂಗ್ ಆಗಿ ಕಡಿದುಹೋದರೆ ಅಥವಾ ವಾಯ್ಸ್‌ಮೇಲ್‌ಗೆ ಹೋದರೆ ಬ್ಲಾಕ್ ಆಗಿರುವ ಸಾಧ್ಯತೆಯೇ ಹೆಚ್ಚು. 'ಈ ನಂಬರ್ ಅಸ್ತಿತ್ವದಲ್ಲಿಲ್ಲ' ಎಂದರೆ ಫೋನನ್ನು ಮುಟ್ಟುವ ಅಗತ್ಯವೇ ಇಲ್ಲ, ಅದು ಕಂಪನಿಯೇ ಬಗೆಹರಿಸಬೇಕಾದ ವಿಷಯ.

ಎರಡನೆಯ ಸುಳಿವು ನಿಮ್ಮ ಫೋನಿನಲ್ಲೇ ಸಿಗುತ್ತದೆ. ಆ ಕರೆ ಕಾಲ್ ಲಾಗ್‌ನಲ್ಲಿ ಮಿಸ್ಡ್ ಕಾಲ್ ಎಂದು ಕಾಣಿಸುತ್ತಿದೆಯೇ ನೋಡಿ. ಕಾಣಿಸಿದರೆ ಕರೆ ಫೋನಿನವರೆಗೆ ಬಂದಿದೆ, ನಿಮಗೆ ಕೇಳಿಸಿಲ್ಲ ಅಷ್ಟೇ. ಲಾಗ್‌ನಲ್ಲಿ ಇಲ್ಲ, ಆದರೆ 'ನಿಮಗೆ ಇಂಥ ನಂಬರಿನಿಂದ ಕರೆ ಬಂದಿತ್ತು' ಎಂಬ ಎಸ್ಎಂಎಸ್ ತಡವಾಗಿ ಬಂತು ಎಂದರೆ ಆ ಹೊತ್ತಿಗೆ ಫೋನ್ ನೆಟ್‌ವರ್ಕಿಗೆ ಸಿಕ್ಕಿರಲಿಲ್ಲ. ಲಾಗ್‌ನಲ್ಲೂ ಇಲ್ಲ, ಎಸ್ಎಂಎಸ್ಸೂ ಇಲ್ಲ ಎಂದಾದರೆ ಕರೆ ದಾರಿಯಲ್ಲೇ ಬೇರೆ ಕಡೆ ತಿರುಗಿರಬೇಕು ಅಥವಾ ತಡೆಯಲ್ಪಟ್ಟಿರಬೇಕು. ಈ ಎರಡು ಸುಳಿವನ್ನು ಜೋಡಿಸಿಕೊಳ್ಳದೆ ಸೆಟ್ಟಿಂಗ್ಸ್ ತಡಕಾಡುವುದು ವ್ಯರ್ಥ.

ಕರೆ ಹೋಗುವಾಗ ಬರುವುದೇಕಿಲ್ಲ ಎಂಬುದು ಎಲ್ಲರ ಪ್ರಶ್ನೆ. ನೀವು ಕರೆ ಮಾಡಿದಾಗ ಫೋನ್ ತಾನೇ ಟವರನ್ನು ಕರೆದು ಆ ಕ್ಷಣಕ್ಕೆ ಬೇಕಾದ ಸಂಪರ್ಕವನ್ನು ಹೊಸದಾಗಿ ಪಡೆಯುತ್ತದೆ. ಒಳಬರುವ ಕರೆಯಲ್ಲಿ ಮೊದಲ ಹೆಜ್ಜೆ ನೆಟ್‌ವರ್ಕಿನದು. ಈ ಫೋನ್ ಕೊನೆಯದಾಗಿ ಯಾವ ಪ್ರದೇಶದಲ್ಲಿ ದಾಖಲಾಗಿತ್ತು ಎಂದು ಅದು ತನ್ನ ದಾಖಲೆ ನೋಡಿ, ಆ ಪ್ರದೇಶದ ಟವರುಗಳಿಂದೆಲ್ಲ ಫೋನನ್ನು ಕೂಗುತ್ತದೆ. ಇದಕ್ಕೆ ಪೇಜಿಂಗ್ ಎನ್ನುತ್ತಾರೆ. ಜೇಬಿನಲ್ಲಿ ಸುಮ್ಮನಿರುವ 4ಜಿ ಫೋನ್ ಬ್ಯಾಟರಿ ಉಳಿಸಲು ರೇಡಿಯೊ ಆಫ್ ಮಾಡಿಕೊಂಡು, ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಕ್ಷಣಮಾತ್ರ ಎಚ್ಚರಗೊಂಡು ತನ್ನನ್ನು ಯಾರಾದರೂ ಕೂಗುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುತ್ತದೆ. ಜೊತೆಗೆ, 'ನಾನು ಇಲ್ಲೇ ಇದ್ದೇನೆ' ಎಂದು ನಿಗದಿತ ಅವಧಿಗೊಮ್ಮೆ ನೆಟ್‌ವರ್ಕಿಗೆ ತಿಳಿಸಬೇಕು. 4ಜಿ ಮಾನದಂಡದಲ್ಲಿ ಈ ಅವಧಿ ಪೂರ್ವನಿಗದಿಯಂತೆ 54 ನಿಮಿಷ, ಕಂಪನಿಗಳು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತವೆ. ನೆಲಮಾಳಿಗೆಯಲ್ಲೋ, ಕಬ್ಬಿಣದ ಶೀಟಿನ ಸೂರಿನ ಕೆಳಗೋ, ಎರಡು ಪ್ರದೇಶಗಳ ಗಡಿಯಲ್ಲೋ ಈ ಹಾಜರಿ ತಪ್ಪಿದರೆ ನೆಟ್‌ವರ್ಕು ಫೋನನ್ನು ಆಫ್ ಎಂದು ಗುರುತಿಸಿಬಿಡುತ್ತದೆ. ನಿಮ್ಮ ಪರದೆಯ ಮೇಲೆ ಸಿಗ್ನಲ್ ಕಡ್ಡಿಗಳು ನಿಂತೇ ಇರುತ್ತವೆ. ಕರೆ ಮಾಡಿದವರಿಗೆ ಮಾತ್ರ 'ಸ್ವಿಚ್ ಆಫ್' ಎಂದು ಕೇಳಿಸುತ್ತದೆ. ನೀವೇ ಒಂದು ಕರೆ ಮಾಡಿದೊಡನೆ ದಾಖಲೆ ಸರಿಹೋಗಿ ಸ್ವಲ್ಪ ಹೊತ್ತು ಕರೆಗಳು ಬರತೊಡಗುತ್ತವೆ. 'ನಾನು ಫೋನ್ ಮಾಡಿದ ಮೇಲೆ ಅವರ ಫೋನೂ ಬಂತು' ಎಂಬ ದೂರಿನ ಹಿಂದಿರುವುದು ಇದೇ.

ಇದಕ್ಕೆ ತಕ್ಷಣದ ಮದ್ದು ಏರೋಪ್ಲೇನ್ ಮೋಡ್. ಅದನ್ನು ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಹಾಕಿದ ಮರುಕ್ಷಣವೇ ತೆಗೆದರೆ ಕೆಲವೊಮ್ಮೆ ಹಳೆಯ ನೋಂದಣಿಯೇ ಮುಂದುವರಿಯುವುದರಿಂದ ಈ ಅಂತರ ಬೇಕು. ರೀಸ್ಟಾರ್ಟ್ ಮಾಡಿದರೂ ಇದೇ ಕೆಲಸ ಆಗುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೇ. ಇಷ್ಟರಿಂದ ಸರಿಹೋಗಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಕೆಡುತ್ತಿದ್ದರೆ ಅಲ್ಲಿನ ಸಿಗ್ನಲ್ ಬಲವನ್ನು ಅಂಕಿಯಲ್ಲಿ ನೋಡಿಕೊಳ್ಳಿ, ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್‌ನಲ್ಲಿ ಇದು ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆದುಕೊಳ್ಳುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನಾಗಿದೆ ಎಂದರ್ಥ. ಮೈನಸ್ 110 ದಾಟಿದರೆ ದುರ್ಬಲ, ಮೈನಸ್ 120ರ ಹತ್ತಿರ ಬಂದರೆ ಫೋನನ್ನು ದೂಷಿಸಿ ಪ್ರಯೋಜನವಿಲ್ಲ.

ಸಿಗ್ನಲ್ ಚೆನ್ನಾಗಿದೆ, ಡೇಟಾ ಓಡುತ್ತಿದೆ, ಆದರೂ 'ತಲುಪಲಾಗುತ್ತಿಲ್ಲ' ಎಂದು ಬಂದರೆ ವೋಲ್ಟಿ, ಅಂದರೆ 4ಜಿ ಜಾಲದ ಮೂಲಕವೇ ಧ್ವನಿ ಕರೆ ಸಾಗಿಸುವ ವ್ಯವಸ್ಥೆಯ ಕಡೆ ನೋಡಬೇಕು. 4ಜಿ ಮೂಲತಃ ಡೇಟಾಗೆಂದೇ ಆದ ಜಾಲ, ಅದರಲ್ಲಿ ಹಳೆಯ ರೀತಿಯ ದೂರವಾಣಿ ಕರೆಗೆ ಪ್ರತ್ಯೇಕ ಹಾದಿ ಇಲ್ಲ. ಕರೆ ಬರಬೇಕಾದರೆ ಒಂದೋ ಫೋನ್ ಕಂಪನಿಯ ಐಎಂಎಸ್ ಎಂಬ ಧ್ವನಿ ವ್ಯವಸ್ಥೆಯಲ್ಲಿ ನೋಂದಣಿಯಾಗಿದ್ದು ವೋಲ್ಟಿ ಮೂಲಕ ಪಡೆಯಬೇಕು, ಇಲ್ಲವೇ ಕರೆಯ ಹೊತ್ತಿಗೆ 2ಜಿ ಅಥವಾ 3ಜಿಗೆ ಇಳಿಯಬೇಕು. ಐಎಂಎಸ್ ನೋಂದಣಿ ಕಳಚಿಕೊಂಡರೂ ಹೊರಹೋಗುವ ಕರೆಗೆ ಫೋನ್ ತಾನೇ ಕೆಳಗಿನ ಜಾಲಕ್ಕೆ ಇಳಿದು ಕೆಲಸ ಸಾಗಿಸುತ್ತದೆ. ಒಳಬರುವ ಕರೆ ಹಾಗೆ ದಾರಿ ಹುಡುಕಿಕೊಳ್ಳಲಾರದೆ ಸೋಲುತ್ತದೆ. 2ಜಿ, 3ಜಿ ಮುಚ್ಚಿರುವ ಕಡೆಗಳಲ್ಲಿ ವೋಲ್ಟಿ ಇಲ್ಲದ ಫೋನಿಗೆ ಡೇಟಾ ಬರುತ್ತದೆ, ಕರೆ ಬರುವುದಿಲ್ಲ. ಒಂದು ದೇಶದಲ್ಲಿ ಕೊಂಡ ಫೋನನ್ನು ಇನ್ನೊಂದು ದೇಶದ ಕಂಪನಿಯ ಸಿಮ್‌ಗೆ ಬಳಸುವಾಗ ಇದು ಹೆಚ್ಚಾಗಿ ಕಾಡುತ್ತದೆ: ಯಂತ್ರಕ್ಕೆ ವೋಲ್ಟಿ ಸಾಮರ್ಥ್ಯ ಇದ್ದರೂ ಆ ಕಂಪನಿಯ ಸೆಟ್ಟಿಂಗ್ ಫೈಲ್ ಅದರಲ್ಲಿ ಇರುವುದಿಲ್ಲ.

ನೋಡುವ ಬಗೆ ಹೀಗೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ 'ವೋಲ್ಟಿ' ಅಥವಾ '4ಜಿ ಕಾಲಿಂಗ್' ಆನ್ ಆಗಿರಲಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಪರೀಕ್ಷಾ ಮೆನು ಬರುತ್ತದೆ, ಕೆಲವು ತಯಾರಕರು ಇದನ್ನು ಮುಚ್ಚಿರುತ್ತಾರೆ. 'ಫೋನ್ ಇನ್ಫರ್ಮೇಶನ್'ಗೆ ಹೋಗಿ ಮೇಲಿನ ಮೂರು ಚುಕ್ಕಿ ಒತ್ತಿದರೆ ಐಎಂಎಸ್ ಸ್ಥಿತಿ ತೋರಿಸುತ್ತದೆ. 'ರಿಜಿಸ್ಟರ್ಡ್' ಎಂದು ಇರಬೇಕು. ಇದೇ ಮೆನುವಿನಲ್ಲಿ ಒಂದು ಬಲೆಯೂ ಇದೆ. ಇಂಟರ್ನೆಟ್ ವೇಗ ಹೆಚ್ಚಿಸುವ ವಿಡಿಯೊಗಳನ್ನು ನೋಡಿ ಹಲವರು ಇಲ್ಲಿ 'ಎಲ್‌ಟಿಇ ಓನ್ಲಿ' (4ಜಿ ಮಾತ್ರ) ಎಂದು ಆರಿಸಿ ಮರೆತುಬಿಡುತ್ತಾರೆ. ವೋಲ್ಟಿ ಚಾಲ್ತಿಯಲ್ಲಿಲ್ಲದ ಸಿಮ್‌ನಲ್ಲಿ ಹೀಗೆ ಮಾಡಿದರೆ ಫೋನ್ 2ಜಿ, 3ಜಿಗೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಎಲ್ಲ ಜಾಲಗಳೂ ಸೇರಿರುವ ಆಯ್ಕೆಗೆ ಮರಳಿಸಿ, ರೀಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಆಯ್ಕೆಯೂ 'ಆಟೊಮ್ಯಾಟಿಕ್' ಆಗಿರಬೇಕು. ಪ್ರವಾಸದಲ್ಲಿ ಕೈಯಾರೆ ಆರಿಸಿದ ನೆಟ್‌ವರ್ಕು ಹಾಗೇ ಉಳಿದುಬಿಡುವುದು ಸಾಮಾನ್ಯ.

ವೈಫೈ ಕಾಲಿಂಗ್ ಇನ್ನೊಂದು ಕಿರಿಕಿರಿ. ಅದು ಆನ್ ಇದ್ದರೆ ಫೋನ್ ವೈಫೈ ಮೂಲಕವೇ ಕಂಪನಿಯಲ್ಲಿ ನೋಂದಣಿ ಮಾಡಿಕೊಳ್ಳುತ್ತದೆ, ಕರೆಯೂ ಆ ದಾರಿಯಲ್ಲೇ ಬರುತ್ತದೆ. ರೂಟರ್ ಹತ್ತಿರ ಇದ್ದರೂ ಇಂಟರ್ನೆಟ್ ಕುಂಟುತ್ತಿದ್ದರೆ ಅಥವಾ ಕಚೇರಿಯ ಇಂಟರ್ನೆಟ್ ಕಾವಲು ವ್ಯವಸ್ಥೆ (ಫೈರ್‌ವಾಲ್) ಈ ಸೇವೆಗೆ ಬೇಕಾದ ದ್ವಾರಗಳನ್ನು, ಅಂದರೆ ಯುಡಿಪಿ 500 ಮತ್ತು 4500ನೇ ಪೋರ್ಟುಗಳನ್ನು ತಡೆದಿದ್ದರೆ ಕರೆ ಬಾರದೇ ಹೋಗಬಹುದು, ಬಂದರೂ ಮಾತು ಕೇಳಿಸದಿರಬಹುದು. ಮನೆಯಲ್ಲಿ ಬರುವುದಿಲ್ಲ, ಹೊರಗೆ ಬರುತ್ತದೆ ಎಂಬವರು ವೈಫೈ ಕಾಲಿಂಗ್ ಮತ್ತು ವಿಪಿಎನ್ ಎರಡನ್ನೂ ಒಂದು ದಿನ ಆಫ್ ಮಾಡಿ ನೋಡಲಿ.

ಎರಡು ಸಿಮ್ ಇರುವ ಫೋನುಗಳ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಎರಡೂ ಸಿಮ್‌ಗೆ ಸಿಗ್ನಲ್ ತೋರಿಸುತ್ತದೆ, ಹಾಗಾಗಿ ಎರಡೂ ಸದಾ ಸಿಗುತ್ತವೆ ಎಂದು ಜನ ನಂಬಿದ್ದಾರೆ. ಹೆಚ್ಚಿನ ಫೋನುಗಳಲ್ಲಿರುವುದು ಡ್ಯುಯಲ್ ಸ್ಟ್ಯಾಂಡ್‌ಬೈ: ಎರಡೂ ಸಿಮ್ ಒಂದೇ ರೇಡಿಯೊವನ್ನು ಸರದಿಯಲ್ಲಿ ಬಳಸುತ್ತವೆ. ಮೊದಲ ಸಿಮ್‌ನಲ್ಲಿ ಮಾತು ನಡೆಯುವಷ್ಟು ಹೊತ್ತು ಎರಡನೆಯದು ನೆಟ್‌ವರ್ಕಿನ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೆ ಕರೆ ಮಾಡಿದವರಿಗೆ 'ಸ್ವಿಚ್ ಆಫ್' ಎಂದು ಕೇಳಿಸುತ್ತದೆ. ದಿನವಿಡೀ ಒಂದು ನಂಬರಿನಲ್ಲಿ ಮಾತಾಡುವವರ ಇನ್ನೊಂದು ನಂಬರ್ 'ಯಾವಾಗಲೂ ಆಫ್' ಆಗಿರುವುದು ಹೀಗೆ. ಇದು ಕೆಟ್ಟಿರುವುದರ ಲಕ್ಷಣವಲ್ಲ, ವಿನ್ಯಾಸವೇ ಹಾಗಿದೆ. ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಎರಡನೇ ಸಿಮ್‌ನ ಕರೆ ಮೊದಲ ಸಿಮ್‌ನ ಡೇಟಾ ಮೂಲಕ ಬರುವಂತೆ ಮಾಡುವುದು. ಆಂಡ್ರಾಯ್ಡ್‌ನಲ್ಲಿ 'ಬ್ಯಾಕಪ್ ಕಾಲಿಂಗ್' ಎಂಬ ಹೆಸರಿನಲ್ಲೂ ಐಫೋನಿನಲ್ಲಿ 'ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್' ಎಂಬ ಹೆಸರಿನಲ್ಲೂ ಇದಕ್ಕೆ ಸಂಬಂಧಿಸಿದ ಆಯ್ಕೆಗಳಿವೆ, ಸೇವಾ ಕಂಪನಿಯ ಬೆಂಬಲ ಬೇಕು. ಎರಡನೆಯದು, 'ತಲುಪದಿದ್ದಾಗ' ಎಂಬ ಷರತ್ತಿನ ಮೇಲೆ ಒಂದು ಸಿಮ್‌ನ ಕರೆಯನ್ನು ಇನ್ನೊಂದಕ್ಕೆ ಫಾರ್ವರ್ಡ್ ಮಾಡುವುದು. ಸ್ಯಾಮ್‌ಸಂಗ್ ಫೋನುಗಳ 'ಡ್ಯುಯಲ್ ಸಿಮ್ ಆಲ್ವೇಸ್ ಆನ್' ಮಾಡುವುದು ಈ ಕೆಲಸವನ್ನೇ. ಫೋನ್ ಬದಲಿಸಿದ ಮೇಲೂ ಆ ಫಾರ್ವರ್ಡಿಂಗ್ ಉಳಿದಿರುತ್ತದೆ ಎಂಬುದು ನೆನಪಿರಲಿ.

ಇಲ್ಲಿಂದ ಫಾರ್ವರ್ಡಿಂಗ್ ಕೋಡುಗಳ ವಿಚಾರ. ಇವು ಜಿಎಸ್ಎಂ ಎಂಬ ಮೊಬೈಲ್ ಜಾಲದ ಮಾನದಂಡದವು, ಯಾವ ಬ್ರ್ಯಾಂಡಿನ ಫೋನಾದರೂ ಸರಿ. *#21# ಡಯಲ್ ಮಾಡಿದರೆ ಎಲ್ಲ ಕರೆಗಳನ್ನೂ ಬೇರೆಡೆ ತಿರುಗಿಸಲಾಗಿದೆಯೇ ಎಂದು ತಿಳಿಯುತ್ತದೆ. ಕರೆ ಸುತರಾಂ ಬರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಇಲ್ಲಿ 'ವಾಯ್ಸ್' ಎದುರು ಯಾವುದಾದರೂ ನಂಬರ್ ಕಂಡರೆ ಅಪರಾಧಿ ಸಿಕ್ಕಂತೆ. *#67# ಬ್ಯುಸಿ ಇದ್ದಾಗಿನದು, *#61# ಎತ್ತದಿದ್ದಾಗಿನದು, *#62# ತಲುಪದಿದ್ದಾಗಿನದು. ಈ ಮೂರರಲ್ಲಿ ಅಪರಿಚಿತ ನಂಬರ್ ಕಂಡೊಡನೆ ಗಾಬರಿ ಬೇಡ, ಅದು ಬಹಳಷ್ಟು ಸಲ ಕಂಪನಿಯ ವಾಯ್ಸ್‌ಮೇಲ್ ಅಥವಾ ಮಿಸ್ಡ್ ಕಾಲ್ ಮಾಹಿತಿ ಸೇವೆಯ ನಂಬರ್ ಆಗಿರುತ್ತದೆ. ಈ ಕೋಡುಗಳಿಂದ ಫೋನ್ ಕದ್ದಾಲಿಕೆ ಪತ್ತೆಯಾಗುತ್ತದೆ ಎಂದು ಹರಿದಾಡುವ ಸಂದೇಶ ಶುದ್ಧ ಸುಳ್ಳು.

ರದ್ದು ಮಾಡಲು ##21#, ##67#, ##61#, ##62# ಎಂದು ಬೇಕಾದ್ದನ್ನಷ್ಟೇ ತೆಗೆಯಬಹುದು. ##002# ಎಲ್ಲವನ್ನೂ ಒಮ್ಮೆಗೇ ಅಳಿಸುತ್ತದೆ. ಸುಲಭ ನಿಜ, ಆದರೆ ವಾಯ್ಸ್‌ಮೇಲ್ ವ್ಯವಸ್ಥೆಯೂ, ಕೆಲವು ಕಂಪನಿಗಳಲ್ಲಿ ಮಿಸ್ಡ್ ಕಾಲ್ ಎಸ್ಎಂಎಸ್ ಕೂಡ ಅದರೊಟ್ಟಿಗೆ ನಿಂತುಹೋಗುತ್ತದೆ, ಆಮೇಲೆ ಕಂಪನಿಯಿಂದಲೇ ಮರಳಿ ಹಾಕಿಸಬೇಕು. ಇನ್ನೊಂದು ವಿಚಿತ್ರ ದೂರು: ಫೋನ್ ಒಂದೆರಡು ಸಲ ರಿಂಗಾಗಿ ಎತ್ತುವಷ್ಟರಲ್ಲಿ ನಿಂತುಬಿಡುತ್ತದೆ. ಇದು 'ಎತ್ತದಿದ್ದಾಗ' ಫಾರ್ವರ್ಡಿಂಗ್‌ನ ಕಾಯುವ ಅವಧಿ 5 ಸೆಕೆಂಡಿಗೆ ಇಳಿದಿರುವುದರ ಗುರುತು. ಆ ಅವಧಿಯನ್ನು 5ರಿಂದ 30 ಸೆಕೆಂಡಿನವರೆಗೆ ಐದೈದರ ಲೆಕ್ಕದಲ್ಲಿ ಇಡಬಹುದು. **61* ಒತ್ತಿ, ಫಾರ್ವರ್ಡ್ ಆಗಬೇಕಾದ ನಂಬರ್ ಹಾಕಿ, **30# ಎಂದು ಮುಗಿಸಿ ಡಯಲ್ ಮಾಡಿದರೆ 30 ಸೆಕೆಂಡ್ ಕಾಯುತ್ತದೆ. ಮಾತಿನ ನಡುವೆ ಬೇರೆಯವರಿಗೆ ಬ್ಯುಸಿ ಬರುತ್ತಿದ್ದರೆ *43# ಒತ್ತಿ ಕಾಲ್ ವೇಟಿಂಗ್ ಚಾಲೂ ಮಾಡಿ, *#43# ಒತ್ತಿ ಖಚಿತಪಡಿಸಿಕೊಳ್ಳಿ.

ಯಾರಾದರೂ ಕರೆ ಮಾಡಿ, ಕೊರಿಯರ್, ಬ್ಯಾಂಕು, ಸಿಮ್ ಅಪ್‌ಗ್ರೇಡ್ ಎಂದು ಯಾವ ನೆಪ ಹೇಳಿದರೂ, ಸ್ಟಾರ್ ಮತ್ತು ಹ್ಯಾಷ್ ಇರುವ ಕೋಡಿನ ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಡಯಲ್ ಮಾಡಿ ಎಂದರೆ ಅದು ನಿಮ್ಮ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುವ ಮೋಸ. ಧ್ವನಿ ಕರೆಯಲ್ಲಿ ಬರುವ ಒಟಿಪಿ ಅವರಿಗೆ ಹೋಗುತ್ತದೆ. ಹೀಗಾಗಿದ್ದರೆ ##21# ಒತ್ತಿದ ಮೇಲೆ ಬ್ಯಾಂಕಿಗೂ ತಿಳಿಸಿ. ಸಿಗ್ನಲ್ಲೇ ಇದ್ದಕ್ಕಿದ್ದಂತೆ ಪೂರ್ತಿ ಹೋಗಿ, ಬೇರೆ ಫೋನಿಗೆ ಹಾಕಿದರೂ ಸಿಮ್ ಜೀವ ಪಡೆಯದಿದ್ದರೆ ನಿಮ್ಮ ನಂಬರಿಗೆ ಬೇರೊಬ್ಬರು ಸಿಮ್ ಪಡೆದಿರಬಹುದು. ಆಗ ತಡಮಾಡದೆ ಕಂಪನಿಯನ್ನೂ ಬ್ಯಾಂಕನ್ನೂ ಎಚ್ಚರಿಸಬೇಕು.

ಕಾಲ್ ಬ್ಯಾರಿಂಗ್ ಅಪರೂಪ, ಆದರೆ ಹೊಕ್ಕರೆ ಪತ್ತೆ ಕಷ್ಟ. *#35# ಒಳಬರುವ ಎಲ್ಲ ಕರೆಗಳ ತಡೆಯನ್ನು, *#351# ರೋಮಿಂಗ್‌ನಲ್ಲಿ ಮಾತ್ರ ಇರುವ ತಡೆಯನ್ನು ತೋರಿಸುತ್ತದೆ. ತೆಗೆಯಲು ಬ್ಯಾರಿಂಗ್ ಪಾಸ್‌ವರ್ಡ್ ಬೇಕು, ಅದು ಸಿಮ್ ಪಿನ್‌ಗಿಂತ ಬೇರೆ. ತಪ್ಪು ಪಾಸ್‌ವರ್ಡನ್ನು ಮತ್ತೆ ಮತ್ತೆ ಹಾಕಿದರೆ ಸೌಲಭ್ಯವೇ ಬೀಗ ಬಿದ್ದು ಕಂಪನಿಗೆ ಹೋಗಬೇಕಾಗುತ್ತದೆ, ಊಹೆಯ ಆಟ ಬೇಡ.

ಕರೆ ಲಾಗ್‌ನಲ್ಲಿದೆ, ಕೇಳಿಸಿಲ್ಲ ಎನ್ನುವವರ ಪಟ್ಟಿ ಉದ್ದವಾದರೂ ಕೆಲಸ ಚಿಕ್ಕದು. ರಿಂಗ್ ವಾಲ್ಯೂಮ್ ಮತ್ತು ಮೀಡಿಯಾ ವಾಲ್ಯೂಮ್ ಬೇರೆ ಬೇರೆ. ಹಾಡು ಜೋರಾಗಿ ಕೇಳಿಸಿತೆಂದರೆ ರಿಂಗೂ ಕೇಳಿಸಬೇಕೆಂದಿಲ್ಲ. 'ಡು ನಾಟ್ ಡಿಸ್ಟರ್ಬ್' ವೇಳಾಪಟ್ಟಿಯಲ್ಲಿ ತಾನೇ ಆನ್ ಆಗುತ್ತಿರಬಹುದು. ಐಫೋನಿನಲ್ಲಿ ಫೋಕಸ್ ಸೆಟ್ಟಿಂಗ್‌ನ 'ಶೇರ್ ಅಕ್ರಾಸ್ ಡಿವೈಸಸ್' ಇದ್ದರೆ ಐಪ್ಯಾಡಿನಲ್ಲಿ ಹಾಕಿದ್ದು ಫೋನನ್ನೂ ಮೂಕವಾಗಿಸುತ್ತದೆ. ಎರಡನೇ ಸಲ ಮಾಡಿದಾಗ ಮಾತ್ರ ಕೇಳಿಸುತ್ತದೆ ಎನ್ನುವವರಲ್ಲಿ ಡು ನಾಟ್ ಡಿಸ್ಟರ್ಬ್ ಆನ್ ಇರುವ ಸಾಧ್ಯತೆಯೇ ಹೆಚ್ಚು: ಮರುಕರೆಯ ವಿನಾಯಿತಿ ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಬಂದ ಕರೆಗೆ ಸಿಗುತ್ತದೆ. ಪರಿಚಿತರ ಕರೆ ಬರುತ್ತದೆ, ಹೊಸಬರದು ಬರುವುದಿಲ್ಲ ಎಂದರೆ ಅಪರಿಚಿತ ಕರೆ ತಡೆಯುವ ಆಯ್ಕೆ. ಐಫೋನಿಗೆ ಇದು 2019ರ ಐಒಎಸ್ 13ರಲ್ಲಿ ಬಂತು. ಕಾಲರ್ ಐಡಿ ಆ್ಯಪ್‌ಗಳ ಸ್ಪ್ಯಾಮ್ ತಡೆಯೂ ಇದೇ ಕೆಲಸ ಮಾಡುತ್ತದೆ, ಬ್ಲಾಕ್ ಪಟ್ಟಿ ಫೋನಿನದೊಂದು, ಆ್ಯಪಿನದೊಂದು ಎಂದು ಎರಡಿರುತ್ತದೆ. ಒಬ್ಬರದೇ ಕರೆ ಬರದಿದ್ದರೆ ಅವರ ಕಾಂಟ್ಯಾಕ್ಟ್ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ 'ರೂಟ್ ಟು ವಾಯ್ಸ್‌ಮೇಲ್' ಗುರುತು ಬಿದ್ದಿದೆಯೇ ನೋಡಿ. ಬ್ಲೂಟೂತ್ ಇಯರ್‌ಬಡ್ ಇನ್ನೂ ಜೋಡಿಯಾಗಿದ್ದರೆ ಸದ್ದು ಅಲ್ಲಿಗೂ ಹೋಗುತ್ತಿರಬಹುದು. ಮೆಮೊರಿ ಕಾರ್ಡಿನಲ್ಲಿದ್ದ ಹಾಡನ್ನು ರಿಂಗ್‌ಟೋನ್ ಮಾಡಿ ಕಾರ್ಡ್ ತೆಗೆದಿದ್ದರೂ ಫೋನ್ ಮೌನವಾಗಬಹುದು.

ರಿಂಗಾಗುತ್ತದೆ, ಪರದೆಯಲ್ಲಿ ಕರೆ ಕಾಣುವುದೇ ಇಲ್ಲ, ಎತ್ತುವುದು ಹೇಗೆ? ಇದರ ಕಾರಣ ನೋಟಿಫಿಕೇಶನ್. ಆಂಡ್ರಾಯ್ಡ್‌ನಲ್ಲಿ ಒಳಬರುವ ಕರೆಯ ಪರದೆಯೂ ಒಂದು ನೋಟಿಫಿಕೇಶನ್ನೇ. ಸೆಟ್ಟಿಂಗ್ಸ್‌ನಲ್ಲಿ ಫೋನ್ ಆ್ಯಪ್ ಹುಡುಕಿ, ಅದರ ನೋಟಿಫಿಕೇಶನ್‌ಗಳಲ್ಲಿ 'ಇನ್‌ಕಮಿಂಗ್ ಕಾಲ್ಸ್' ಆನ್ ಮಾಡಿ. ಕಾಲರ್ ಐಡಿ ಆ್ಯಪ್ ಅನ್ನು ಡೀಫಾಲ್ಟ್ ಫೋನ್ ಆ್ಯಪ್ ಮಾಡಿಕೊಂಡಿದ್ದರೆ ಅದೇ ಅನುಮತಿಗಳನ್ನು ಅದಕ್ಕೂ ಕೊಡಬೇಕು. ವಾಟ್ಸ್‌ಆ್ಯಪ್ ಕರೆಗಳ ಕಥೆ ಪೂರ್ತಿ ಬೇರೆ. ಅವು ಡೇಟಾ ಮೇಲೆ ಬರುವಂಥವು. ಪರದೆ ಆಫ್ ಆದಾಗ ಬರುವುದಿಲ್ಲ, ಆ್ಯಪ್ ತೆರೆದೊಡನೆ ಮಿಸ್ಡ್ ಕಾಲ್ ತೋರಿಸುತ್ತದೆ ಎಂದರೆ ಆ ಆ್ಯಪಿನ ಬ್ಯಾಟರಿ ಬಳಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ, ಡೇಟಾ ಸೇವರ್‌ನಿಂದ ಹೊರಗಿಡಿ.

ಇಷ್ಟಾದರೂ ಗೊತ್ತಾಗದಿದ್ದರೆ ಸಿಮ್ ಅದಲುಬದಲು. ನಿಮ್ಮ ಸಿಮ್ಮನ್ನು ಚೆನ್ನಾಗಿರುವ ಇನ್ನೊಂದು ಫೋನಿಗೆ ಹಾಕಿ, ಆ ಫೋನಿನ ಸಿಮ್ಮನ್ನು ನಿಮ್ಮದಕ್ಕೆ ಹಾಕಿ, ಎರಡಕ್ಕೂ ಕರೆ ಮಾಡಿ ನೋಡಿ. ತೊಂದರೆ ಸಿಮ್ಮನ್ನು ಹಿಂಬಾಲಿಸಿದರೆ ದೋಷ ಸಿಮ್‌ನದು ಅಥವಾ ಖಾತೆಯದು. ಹಳೆಯ ಕಾರ್ಡಿನ ಚಿನ್ನದ ಬಣ್ಣದ ಪದರ ಕಪ್ಪಾಗಿದ್ದರೆ ಒಣಬಟ್ಟೆಯಿಂದ ಒರೆಸಿ, ಆದರೂ ಆಗದಿದ್ದರೆ ಕಾರ್ಡ್ ಬದಲಿಸಿ. ತೊಂದರೆ ಫೋನಿನಲ್ಲೇ ಉಳಿದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ಮಾತ್ರ ರಿಸೆಟ್ ಮಾಡಿ. ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಿಗಳು ಹೋಗುತ್ತವೆ, ಫೋಟೊ ಹೋಗುವುದಿಲ್ಲ. ಡಿಸ್‌ಪ್ಲೇ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಒಳಗಿನ ಆಂಟೆನಾ ಕೇಬಲ್ ಸರಿಯಾಗಿ ಕೂತಿಲ್ಲದಿರಬಹುದು, ಅದೇ ಅಂಗಡಿಗೆ ಒಯ್ದು ತೆಗೆಸಿ ನೋಡಿಸಿ.

ಕೊನೆಯದಾಗಿ, ಕಂಪನಿ ಬದಲಿಸಿ ಅದೇ ನಂಬರ್ ಉಳಿಸಿಕೊಂಡವರ ಪಾಡು. ಒಂದು ನೆಟ್‌ವರ್ಕಿನವರ ಕರೆ ಬರುತ್ತದೆ, ಇನ್ನೊಂದರವರದು 'ಅಸ್ತಿತ್ವದಲ್ಲಿಲ್ಲ' ಎನ್ನುತ್ತದೆ ಎಂದಾದರೆ ಆ ಇನ್ನೊಂದು ಕಂಪನಿಯ ಪಟ್ಟಿಯಲ್ಲಿ ನಿಮ್ಮ ನಂಬರ್ ಇನ್ನೂ ಹಳೆಯ ಕಂಪನಿಯಲ್ಲೇ ಇದೆ ಎಂದು ದಾಖಲಾಗಿರುತ್ತದೆ. ಫೋನಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ನಿಮ್ಮ ಕಂಪನಿಗೆ ನೀವೂ, ಅವರ ಕಂಪನಿಗೆ ಕರೆ ಮಾಡಿದವರೂ ದೂರು ಕೊಡಬೇಕು; ಒಂದು ಕಡೆಯ ದೂರು ಮಾತ್ರ ಇದ್ದರೆ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಾರೆ. ದೂರಿನಲ್ಲಿ 'ಕರೆ ಬರುತ್ತಿಲ್ಲ' ಎಂದಷ್ಟೇ ಹೇಳಿದರೆ 'ರೀಸ್ಟಾರ್ಟ್ ಮಾಡಿ' ಎಂಬ ಉತ್ತರವೇ ಗತಿ. ಇತ್ತೀಚಿನ ಮೂರು ವಿಫಲ ಕರೆಗಳ ದಿನಾಂಕ, ನಿಮಿಷ ಸಹಿತ ಸಮಯ, ಕರೆ ಮಾಡಿದ ನಂಬರ್ ಮತ್ತು ಅದರ ನೆಟ್‌ವರ್ಕ್, ನೀವಿದ್ದ ಜಾಗ, ಕರೆ ಮಾಡಿದವರಿಗೆ ಕೇಳಿಸಿದ ಮಾತು, ಸಿಮ್ ಬೇರೆ ಫೋನಿನಲ್ಲಿ ಹಾಕಿ ನೋಡಿದ ಫಲ, ಇಷ್ಟನ್ನು ಬರೆದುಕೊಟ್ಟು ದೂರಿನ ಸಂಖ್ಯೆ ಪಡೆದುಕೊಳ್ಳಿ. ಕರೆಯ ನಿಖರ ಸಮಯ ಸಿಕ್ಕರೆ ತಾಂತ್ರಿಕ ವಿಭಾಗದವರು ತಮ್ಮ ದಾಖಲೆಯಲ್ಲಿ ಅದು ಎಲ್ಲಿ ನಿಂತಿತೆಂದು ಹುಡುಕಬಲ್ಲರು.

ಇಂತಿ,
ಮೊಬೈಲ್ ದುರಸ್ತಿ ವೃತ್ತಿಯ ಓದುಗ